ಹಳೇ ಡಬ್ಬಿಯ ವಿಳಾಸ

ಫೆಬ್ರವರಿ 12, ಗುರುವಾರ ಮಧ್ಯಾಹ್ನ

ಮುದ್ದಿನ ಪುಟ್ಟೀ,

ಹೇಗಿದ್ದೀಯೆ? ನಿನ್ನ ಇ-ಮೇಲಿಗೆ ಇಷ್ಟು ದಿನ ಉತ್ತರವಿಲ್ಲ ಎಂದು ಮುಖ ಊದಿಸಿಕೊಂಡಿರುತ್ತೀಯೆ. ತಪ್ಪು ನನ್ನದಲ್ಲ, ಕಂಪ್ಯೂಟರಿನದು. ಫೋನಿನಲ್ಲಿ ಬರೆಯಬಹುದಿತ್ತಲ್ಲ ಎನ್ನಬೇಡ. ಅದರಲ್ಲಿ ಒಂದು ಸಾಲು ಕುಟ್ಟುವಷ್ಟರಲ್ಲಿ ನನ್ನ ತಾಳ್ಮೆ ಮುಗಿದುಹೋಗುತ್ತದೆ.

ಆದದ್ದಿಷ್ಟು. ಇಂಟರ್ನೆಟ್ಟಿನವನು ಬಂದು ಹಳೇ ರೌಟರ್ ಡಬ್ಬಿ ಕಿತ್ತು ಹೊಸದನ್ನು ಗೋಡೆಗೆ ತಗುಲಿಸಿದ. ಫೋನಿಗೆ ನೆಟ್ ಬಂತು, ಕಂಪ್ಯೂಟರಿಗೆ ಬರಲಿಲ್ಲ. ಪರದೆ ನೋಡಿದವನೇ, "ಇದು ಲಿನಕ್ಸ್ ಅಲ್ವಾ ಮೇಡಂ? ನಮ್ಮ ಕೈಲಾಗಲ್ಲ. ಎಲ್ಲಾ ಅಳಿಸಿ ಬೇರೆ ಸಿಸ್ಟಂ ಹಾಕಿಸ್ಬಿಡಿ" ಎಂದು ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟ. ಅಳಿಸುವುದಂತೆ! ನಿನ್ನ ಭಾವ ಕೈಯಾರೆ ಕಟ್ಟಿ ನಿಲ್ಲಿಸಿದ ಸಂಸಾರ ಅದು.

ನೀನು ಓದಲು ನಮ್ಮ ಮನೆಯಲ್ಲಿದ್ದ ಕಾಲ ನೆನಪಿದೆಯಲ್ಲ? ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ ಮುಗಿಸಿ ಬಂದ ನಿನ್ನ ಭಾವ ಷೂ ಕೂಡ ಬಿಚ್ಚದೆ ಆ ಕಪ್ಪು ಪರದೆಯ ಮುಂದೆ ಕೂರುತ್ತಿದ್ದರು. ಮೋಡೆಮ್ ಕಿರುಚಿದೊಡನೆ ನೀನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಒಮ್ಮೆ ಅತ್ತೆ ಅಡುಗೆಮನೆ ಹೊಸಿಲಿನ ಕೇಬಲ್ಲಿಗೆ ಎಡವಿ, "ಇವನ ತಂತಿ ನನ್ನ ಪ್ರಾಣ ತೆಗೆಯುತ್ತೆ" ಎಂದು ಬೈಯುತ್ತಿರುವಾಗಲೇ ಸಂಪರ್ಕ ಸಿಕ್ಕಿ, ಇವರು ಅವರನ್ನೂ ಎಳೆದುಕೊಂಡು ಕುಣಿದದ್ದು! ಎಂಥ ಗಲಾಟೆ, ಎಂಥ ನಗು ಆಗ ಈ ಮನೆಯಲ್ಲಿ.

ಈಗ ಇವರು ಆ ಕುರ್ಚಿಯಲ್ಲಿ ಕೂತು ವರ್ಷದ ಮೇಲಾಯಿತು. ಮರೆವು ಸ್ವಲ್ಪ ಜಾಸ್ತಿಯಾಗಿದೆ, ವಯಸ್ಸು, ಬಿಡು. ನಾನೇ ಕೇಬಲ್ ಕಿತ್ತು ಚುಚ್ಚಿದೆ, ಆಫ್ ಮಾಡಿ ಆನ್ ಮಾಡಿದೆ. ಊಹೂಂ. ಬೇಸತ್ತು, "ಇದೊಂಚೂರು ನೋಡ್ತೀರಾ?" ಎಂದು ಇವರನ್ನು ಕೈಹಿಡಿದು ಕೂರಿಸಿದೆ. ಕೀಲಿಮಣೆಯ ಮೇಲೆ ಕೈಯಿಟ್ಟರು. ಆಮೇಲೆ ಬೆರಳುಗಳು ತಾವಾಗಿಯೇ ಓಡತೊಡಗಿದವು, ಪುಟ್ಟೀ! ಏನೋ ಕುಟ್ಟಿದರು, ಓದಿದರು, ಮೂಗಿನಲ್ಲೇ ನಕ್ಕರು.

"ಯಾರೋ ಇದಕ್ಕೆ ಹಳೇ ಡಬ್ಬಿ ವಿಳಾಸಾನ ಕೈಯಲ್ಲೇ ಬರೆದಿಟ್ಟಿದ್ದಾರೆ. ಆ ಡಬ್ಬಿ ಹೋಯ್ತು. ಇದು ಇನ್ನೂ ಅದರ ಬಾಗಿಲನ್ನೇ ತಟ್ತಾ ಇದೆ."

ಬರೆದಿಟ್ಟವರು ನೀವೇ ಎಂದು ನಾನು ಹೇಳಲಿಲ್ಲ.

ವಿಳಾಸವನ್ನು ಹೊಸ ಡಬ್ಬಿಯೇ ಕೊಡಲಿ ಎಂದು ಬದಲಾಯಿಸಿದರು. ಆದರೂ ಮೇಲ್ ತೆರೆಯಲಿಲ್ಲ. ಹೊರಗಿನ ಕಂಪ್ಯೂಟರನ್ನು ಅದರ ನಂಬರ್ ಹಾಕಿ ಕೂಗಿದರೆ ಆ ಕಡೆಯಿಂದ ಉತ್ತರ ಬರುತ್ತಿತ್ತು, ಹೆಸರು ಹಿಡಿದು ಕೂಗಿದರೆ ಇಲ್ಲ. "ಹೆಸರು ಹುಡುಕೋಕೂ ಹಳೇ ಡಬ್ಬೀನೇ ಕೇಳ್ತಾ ಇದೆ, ಪಾಪ" ಎಂದು ಇನ್ನೊಂದು ಫೈಲ್ ತೆರೆದು ಒಂದು ಸಾಲು ತಿದ್ದಿದರು. ನಿನ್ನ ಮೇಲ್ ಪಟಕ್ಕನೆ ತೆರೆದುಕೊಂಡಿತು!

ನೀನು ಕಳಿಸಿದ ನಿನ್ನ ಮಗಳ ಫೋಟೊವನ್ನು ದೊಡ್ಡ ಪರದೆಯಲ್ಲಿ ಕಣ್ತುಂಬ ನೋಡಿದೆ. ಥೇಟ್ ನೀನೇ, ಆ ಸಿಡುಕು ಮೂಗೂ ಸೇರಿ. ನೀನು ಬರೆದಿದ್ದ ಆ ಮಂಡಿ ನೋವನ್ನು ಡಾಕ್ಟರಿಗೆ ತೋರಿಸು, ಸೋಮಾರಿತನ ಬೇಡ. ನಿಮ್ಮ ಮನೆ ಸದಾ ತಣ್ಣಗಿರಲಿ, ಮಗು ನಗುನಗುತ್ತಾ ಬೆಳೆಯಲಿ.

ನಿನ್ನ
ಅಕ್ಕ

ಇನ್ನೊಂದು ಮಾತು. ನಿನಗೆ ಹೇಳಬಾರದೆಂದೇ ಇದ್ದೆ. ಎಲ್ಲ ಸರಿಯಾದ ಮೇಲೆ ಇವರು ಕುರ್ಚಿ ಬಿಟ್ಟೆದ್ದು, ಬೇರೆ ಮನೆಯ ಹೆಂಗಸಿನೊಡನೆ ಮಾತಾಡುವ ಮರ್ಯಾದೆಯಲ್ಲಿ ನನಗೆ ಹೇಳಿದರು: "ನಮ್ಮ ಮನೆಯವಳು ಬಂದ್ರೆ ಸ್ವಲ್ಪ ಹೇಳ್ಬಿಡಿ ಅಮ್ಮಾ, ಸರಿಹೋಯ್ತು ಅಂತ. ತಂಗಿಗೆ ಬರೀಬೇಕು ಅಂತ ಪಾಪ ಒದ್ದಾಡ್ತಾ ಇದ್ದಳು."

"ಹೇಳ್ತೀನಿ" ಎಂದೆ.