ಹೂಮನ್‌ನ ಕಾರಿನ ಉಸಿರು

ಬೂಶಹರ್
ಆಬಾನ್ ತಿಂಗಳು, ಗುರುವಾರ ಸಂಜೆ

ಪ್ರೀತಿಯ ಗುಲ್ನಾರ್ ಅಕ್ಕ,

ನಿನಗೂ ಭಾವನಿಗೂ ಫರಂಗೀಸಳ ಸಲಾಮು. ಫೋನ್ ಮಾಡದೆ ಇವಳು ಕಾಗದ ಯಾಕೆ ಬರೆದಳು ಅಂತ ಈಗಾಗಲೇ ಗೊಣಗುತ್ತಿರುತ್ತೀಯ. ಫೋನ್ ಇರುವುದು ಅಮ್ಮನ ತಲೆದಿಂಬಿನ ಪಕ್ಕ. ಅಲ್ಲಿ ಕೂತು ಅಮ್ಮನ ವಿಷಯವನ್ನೇ ಆಡಲಿಕ್ಕೆ ಆಗುತ್ತದೆಯೇ? ಅಕ್ಷರ ಸೊಟ್ಟಗಿದ್ದರೆ ನಗಬೇಡ. ಮೇಜಿಲ್ಲದ ಕಡೆ ಕೂತು ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಹೂಮನ್‌ನ ಕಾರು ಇನ್ನೂ ಯಾಕೆ ಮಾರಿಲ್ಲ ಅಂತ ಪ್ರತಿ ಸಲ ಕೇಳುತ್ತೀಯಲ್ಲ. ಇಸ್ಫಹಾನಿನಲ್ಲಿ ಕೂತು ಮಾರು ಮಾರು ಅನ್ನುವುದು ಸುಲಭ, ಅಕ್ಕ. ನಮ್ಮ ತಮ್ಮ ಹೂಮನ್ ಕಡಲಿಗೆ ದೋಣಿ ಹತ್ತಿ ಹೋಗಿ ಎರಡು ವರ್ಷವಾಯಿತು. ದೋಣಿಯ ಹಲಗೆ ಸಿಕ್ಕಿತು, ಅವನು ಸಿಗಲಿಲ್ಲ. ಗೋರಿ ಇಲ್ಲ, ಫಾತಿಹಾ ಓದಿಸಿದ್ದಿಲ್ಲ, ಹಲ್ವಾ ಹಂಚಿದ್ದಿಲ್ಲ. “ಹಲ್ವಾ ಸತ್ತವರಿಗೆ ಮಾಡೋದು. ನನ್ನ ಮಗ ಬರ್ತಾನೆ,” ಅಂತ ಅಮ್ಮ ಸಾಂತ್ವನಕ್ಕೆ ಬಂದವರನ್ನೆಲ್ಲ ಬಾಗಿಲಿಂದಲೇ ಕಳಿಸಿದ್ದು ನಿನ್ನ ಕಣ್ಣೆದುರಿಗೇ ಅಲ್ಲವೇ. ಆಮೇಲಿನದು ನಿನಗೆ ಗೊತ್ತಿಲ್ಲ. ನಾನೇ ಮುಚ್ಚಿಟ್ಟೆ.

ಬೇಸಿಗೆಯಲ್ಲಿ ಬ್ಯಾಟರಿ ಹಾಕಿ ಕಾರು ಸ್ಟಾರ್ಟ್ ಮಾಡಿದೆ. ಎದ್ದಿತು, ಆದರೆ ನಿಂತಲ್ಲಿ ನೆಟ್ಟಗೆ ನಿಲ್ಲಲಿಲ್ಲ. ಗೇರ್ ಹಾಕದೆ ನಿಂತಲ್ಲೇ ಓಡುವಾಗಿನ ವೇಗ, ಅದೇ ಐಡ್ಲಿಂಗ್, ಏರುತ್ತದೆ, ಇಳಿಯುತ್ತದೆ, ಇನ್ನೇನು ಆಫ್ ಆಯಿತು ಅನ್ನುವಾಗ ಮತ್ತೆ ಎದ್ದು ಕೂರುತ್ತದೆ. ಜತೆಗೆ ಡ್ರೈವರ್ ಸೀಟಿನ ಕಾಲಬುಡದಿಂದ ಸಣ್ಣಗೆ ಸ್ಸ್ ಅನ್ನುವ ಸದ್ದು. ಎಂಜಿನ್ ಏರಿಳಿದ ಹಾಗೆ ಆ ಸದ್ದೂ ಏರಿಳಿಯುತ್ತಿತ್ತು. ಅಪ್ಪನ ಗ್ಯಾರೇಜಿನಲ್ಲಿ ಗ್ರೀಸ್ ಮೆತ್ತಿಕೊಂಡು ಬೆಳೆದವಳು ನಾನು, ಎಲ್ಲೋ ಗಾಳಿ ಸೋರಿಕೆ ಇದೆ ಅಂದುಕೊಂಡೆ. ಅಷ್ಟರಲ್ಲಿ ಅಮ್ಮ ಚಹಾ ತಂದಳು, ಪಕ್ಕದ ಸೀಟಿನಲ್ಲಿ ಕೂತಳು, ಕಿವಿಗೊಟ್ಟು ಕೇಳಿದಳು.

“ಯಾರೋ ಪಿಸುಗುಟ್ತಿದಾರಲ್ಲೇ,” ಅಂದಳು.

“ಗಾಳಿ ಅಮ್ಮ,” ಅಂದೆ.

“ಗಾಳಿ ಯಾಕೆ ನನ್ನನ್ನ ಅಮ್ಮ ಅಂತ ಕರೀತದೆ?” ಅಂದಳು. ಚಹಾ ಅಲ್ಲೇ ಆರಿಹೋಯಿತು.

ಅವತ್ತಿನಿಂದ ದಿನಾ ಸಂಜೆ ಅದೇ ಕೆಲಸ. ಡ್ರೈವರ್ ಕಡೆಯಿಂದ ಬಗ್ಗಿ ಕೀಲಿ ತಿರುಗಿಸುತ್ತಾಳೆ, ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತು ಮಾತಾಡುತ್ತಾಳೆ. ಅಕ್ಕಪಕ್ಕದವರಿಗೆ ಕೇಳಬಾರದು ಅಂತ ಗ್ಯಾರೇಜಿನ ಶಟರ್ ಬೇರೆ ಎಳೆದುಕೊಳ್ಳುತ್ತಾಳೆ. ಒಮ್ಮೆ ನಾನು ಹೊರಗೆ ನಿಂತು ಕದ್ದು ಕೇಳಿದೆ. “ಊಟ ಆಯ್ತಾ?” ಅಂದಳು. ಎಂಜಿನ್ ಇಳಿಯಿತು. “ಸೊರಗಿಬಿಟ್ಟಿದೀಯ,” ಅಂದಳು. ಮತ್ತೆ ಏರಿತು. ಆಮೇಲೆ ತೊಟ್ಟಿಲ ಮಗುವನ್ನು ಕೇಳುವ ದನಿಯಲ್ಲಿ, “ನೀರು ತುಂಬಾ ತಣ್ಣಗಿದೆಯಾ ಕಂದಾ?” ಅಂದಳು. ಬರ್ತಾನೆ ಬರ್ತಾನೆ ಅನ್ನುವವಳಿಗೆ ಎಲ್ಲಾ ಗೊತ್ತಿತ್ತು, ಅಕ್ಕ.

ಮುಂದಿನ ವಾರ ನಾನು ಕೆಲಸದಿಂದ ಬರುವಾಗ ಶಟರಿನ ಅಡಿಯಿಂದ ಹೊಗೆ ಬರುತ್ತಿತ್ತು. ಎತ್ತಿ ನೋಡಿದರೆ ಅಮ್ಮ ಡ್ಯಾಶ್‌ಬೋರ್ಡಿಗೆ ತಲೆಯಾನಿಸಿ ಬಿದ್ದಿದ್ದಳು, ಮುಖದಲ್ಲಿ ನಗು. ಅಂಗಳಕ್ಕೆ ಎಳೆದು ತಂದು ಮಲಗಿಸಿದೆ. ವಾಂತಿ ಮಾಡಿಕೊಂಡ ಮೇಲೆ ಕಣ್ಣು ಬಿಟ್ಟಳು. ಡಾಕ್ಟರು ನನಗೆ ಚೆನ್ನಾಗಿ ಉಗಿದರು. ಹೊಗೆ ತುಂಬಿದ ಕೋಣೆಯಲ್ಲಿ ಇನ್ನೊಂದು ಸಲ ಹೀಗಾದರೆ ಇಲ್ಲಿಗೆ ತರಬೇಡಿ, ನೇರ ಖಬರಸ್ತಾನಕ್ಕೇ ಒಯ್ಯಿರಿ ಅಂದರು. ಕೀಲಿ ಬಚ್ಚಿಟ್ಟೆ. ಅವಳ ಹತ್ತಿರ ಹೂಮನ್‌ನ ಇನ್ನೊಂದು ಕೀಲಿ ಇತ್ತು. ಕಿತ್ತುಕೊಳ್ಳಲು ಹೋದರೆ, “ಅದರ ಜತೆ ನನ್ನ ಪ್ರಾಣಾನೂ ತಗೊಂಡು ಹೋಗೇ ಮಾರಾಯ್ತಿ,” ಅಂತ ಕೂಗಿದಳು. ಬ್ಯಾಟರಿ ತಂತಿ ಕಿತ್ತಿಟ್ಟ ದಿನ ಊಟವನ್ನೇ ಮುಟ್ಟಲಿಲ್ಲ. ಆಗ ನನಗೆ ಹೊಳೆದದ್ದು ಒಂದೇ ದಾರಿ. ಐಡ್ಲಿಂಗ್ ಸರಿಮಾಡಿದರೆ ಪಿಸುಮಾತು ನಿಲ್ಲುತ್ತದೆ, ಪಿಸುಮಾತು ನಿಂತರೆ ಅಮ್ಮ ಬದುಕುತ್ತಾಳೆ. ಆದರೆ ಹೆತ್ತವಳ ಪಾಲಿಗೆ ಮಗನ ಬಾಯಿ ಮುಚ್ಚಿಸುವುದು ಅಂದರೆ ಏನು ಅಂತ ನೀನೇ ಹೇಳು. ಆದರೂ ಪಾನಾ ಎತ್ತಿಕೊಂಡೆ.

ಪ್ಲಗ್ ಬದಲಾಯಿಸಿದೆ. ಗಾಳಿ ಒಳಗೆ ಹೋಗುವ ಗಂಟಲಿನಲ್ಲಿ ಕಪ್ಪು ಮಸಿ ಕಟ್ಟಿತ್ತು, ತಿಕ್ಕಿ ತೊಳೆದೆ. ಐಡ್ಲಿಂಗ್ ವಾಲ್ವ್ ಬಿಚ್ಚಿ ಒರೆಸಿದೆ. ಕಾರಿನ ಕಂಪ್ಯೂಟರ್ ಹಳೆಯದನ್ನೆಲ್ಲ ಮರೆಯಲಿ ಅಂತ ಬ್ಯಾಟರಿ ಬಿಚ್ಚಿ ಮತ್ತೆ ಹಾಕಿದೆ. ಊಹೂಂ. ಅದೇ ಏರಿಳಿತ, ಅದೇ ಸ್ಸ್. ಗುಜರಿಯ ಜಬ್ಬಾರ್ ಮಾಮನನ್ನು ಕೇಳಿದರೆ, “ಈ ಫ್ಯೂಯೆಲ್ ಇಂಜೆಕ್ಷನ್ ಕಾರು ಅಂದ್ರೆ ನಿನ್ನ ಅತ್ತೆ ಇದ್ದ ಹಾಗೆ ಕಣಮ್ಮ. ಎಲ್ಲೋ ಚೂರು ಗಾಳಿ ತಾಗಿದ್ರೂ ಮುಖ ಊದಿಸ್ಕೊಳ್ಳುತ್ತೆ. ಎಲ್ಲಿ ತಾಗ್ತು ಅಂತ ಬಾಯಿ ಬಿಡಲ್ಲ,” ಅಂತ ನಕ್ಕ. ನನಗೆ ಅತ್ತೆಯೇ ಇಲ್ಲ ಅಂದರೆ, ಅದಕ್ಕೇ ರಿಪೇರಿ ಕಲಿಯೋಕೆ ಪುರುಸೊತ್ತು ಸಿಕ್ಕಿದೆ ಅಂದ.

ಜಾಗ ತೋರಿಸಿದ್ದು ಕೊನೆಗೆ ಅಮ್ಮನೇ. ಮಗ ಮಾತಾಡುವ ಕಾರಿಗೆ ಯಾರ ದೃಷ್ಟಿಯೂ ತಾಗಬಾರದು ಅಂತ ಕೆಂಡಕ್ಕೆ ಇಸ್ಪಂದ್ ಬೀಜ ಹಾಕಿ, ಚಟಚಟ ಸಿಡಿಯುತ್ತಿದ್ದ ಹೊಗೆಯನ್ನು ಕಾರಿನ ಒಳಗೆಲ್ಲ ಆಡಿಸಿದಳು. ಎಂಜಿನ್ ಓಡುತ್ತಿತ್ತು, ಶಟರ್ ನಾನೇ ಪೂರ್ತಿ ಎತ್ತಿದ್ದೆ. ಹೊಗೆ ಮೇಲಕ್ಕೆ ಹೋಗಬೇಕು ತಾನೇ? ಹೋಗಲಿಲ್ಲ. ಖಾಲಿ ಡ್ರೈವರ್ ಸೀಟಿನ ಮುಂದೆ ಒಂದು ಎಳೆಯಾಗಿ ಬಾಗಿತು, ಮೊಣಕಾಲು ಇರುವಷ್ಟು ಎತ್ತರದಲ್ಲಿ ಕೆಳಮುಖವಾಗಿ ಹೊರಳಿತು, ಪೆಡಲಿನ ಹಿಂದೆ ಮಾಯವಾಯಿತು. ಬಿಟ್ಟು ಬಿಟ್ಟು ಎಳೆಯುತ್ತಿತ್ತು, ಸಿಗರೇಟು ಸೇದುವವರ ಹಾಗೆ. ಅಮ್ಮನಿಗೆ ಕಾಣದಿರಲಿ ಅಂತ ಹೂಮನ್ ಸಿಗರೇಟನ್ನು ಮೊಣಕಾಲಿನ ಪಕ್ಕ ಇಳಿಬಿಟ್ಟುಕೊಂಡು ಕಾರು ಓಡಿಸುತ್ತಿದ್ದದ್ದು ನೆನಪಿದೆಯಾ? ಅದೇ ಜಾಗ, ಅಕ್ಕ.

“ನೋಡಿದ್ಯಾ, ಎಳೀತಿದಾನೆ. ಕಳ್ಳ, ನನಗೆ ಗೊತ್ತಾಗಲ್ಲ ಅಂದ್ಕೊಂಡಿದ್ದ,” ಅಂತ ಅಮ್ಮ ಕಣ್ಣೊರೆಸಿಕೊಂಡು ನಕ್ಕಳು.

ಅದೇ ಗಳಿಗೆಯಲ್ಲಿ ನನಗೆ ಕಾರಿನ ರೋಗ ತಿಳಿಯಿತು. ಪೆಡಲಿನ ಹಿಂದೆ ಇರುವುದು ಬ್ರೇಕ್ ಬೂಸ್ಟರ್, ಎಂಜಿನ್ ಗಾಳಿ ಎಳೆಯುವ ಬಲದಿಂದ ಬ್ರೇಕಿಗೆ ಶಕ್ತಿ ಕೊಡುವ ಡಬ್ಬಿ. ಅದರೊಳಗಿನ ರಬ್ಬರ್ ಪರದೆ ಹರಿದರೆ ಎಂಜಿನ್ ಕಾರಿನ ಒಳಗಿನ ಗಾಳಿಯನ್ನೇ ಹೀರುತ್ತದೆ. ಬೂಸ್ಟರಿಗೆ ಹೋಗುವ ಪೈಪನ್ನು ಇಕ್ಕಳದಲ್ಲಿ ಅದುಮಿ ಹಿಡಿದೆ. ಐಡ್ಲಿಂಗ್ ತಟಕ್ಕನೆ ಸಮವಾಯಿತು. ಸದ್ದು ನಿಂತಿತು. ಅಮ್ಮ ಕಾರಿನೊಳಗಿಂದ ಚೀರಿದ್ದು ಕೇಳಿ ನಾನು ಇಕ್ಕಳ ಬಿಟ್ಟುಬಿಟ್ಟೆ.

ಸುಳ್ಳು ಹೇಳಲು ಬಾಯಿ ಬರಲಿಲ್ಲ. ರಬ್ಬರ್ ಹರಿದಿದೆ, ಬ್ರೇಕೂ ಸರಿಯಾಗಿ ಹಿಡಿಯುವುದಿಲ್ಲ, ಬೇರೆ ಬೂಸ್ಟರ್ ಹಾಕಿದರೆ ಸದ್ದು ಪೂರ್ತಿ ನಿಲ್ಲುತ್ತದೆ ಅಂದೆ. ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಅಂತ ಕಾದೆ. ಅವಳು ಕೇಳಿದ್ದು ಇಷ್ಟೇ: “ಇಷ್ಟು ದಿನ ಅವನಿಗೆ ಉಸಿರು ಕಟ್ತಿತ್ತಾ ಅಲ್ಲಿ?” ಹೌದಮ್ಮ ಅಂದುಬಿಟ್ಟೆ. ನಾನು ತಪ್ಪು ಮಾಡಿದೆನೋ ಏನೋ, ಬಾಯಿಂದ ಬಂದದ್ದು ಅದೇ.

ಜಬ್ಬಾರ್ ಮಾಮ ಗುಜರಿ ಕಾರಿನಿಂದ ಒಳ್ಳೆಯ ಬೂಸ್ಟರ್ ಬಿಚ್ಚಿಕೊಟ್ಟ. ಹಾಕುವ ಮೊದಲು ಅಮ್ಮ ಒಂದು ಗಳಿಗೆ ಒಳಗೆ ಕೂತು, ತಲೆಯ ಮೇಲಿನ ಚಾದರದ ಅಂಚನ್ನು ಬಾಯಿಗೆ ಅಡ್ಡ ಹಿಡಿದು ಏನೋ ಹೇಳಿದಳು. ನಾನು ಕೇಳಿಸಿಕೊಳ್ಳಲಿಲ್ಲ. ಇಳಿದು ಬಂದು, “ಈಗ ಮಾಡು,” ಅಂದಳು. ಮಾಡಿದೆ. ಸ್ಟಾರ್ಟ್ ಮಾಡಿದರೆ ಎಂಜಿನ್ ಮಲಗಿದ ಬೆಕ್ಕಿನ ಹಾಗೆ ಒಂದೇ ಸಮ. ಅಮ್ಮ ಬಾನೆಟ್ ಮೇಲೆ ಅಂಗೈ ಇಟ್ಟು, “ನಿದ್ದೆ ಹೋದ,” ಅಂದಳು. ಕೀಲಿಯನ್ನು ತಾನಾಗಿ ನನ್ನ ಕೈಗೆ ಕೊಟ್ಟಳು.

ಇವತ್ತು ಗುರುವಾರ, ಸತ್ತವರನ್ನು ನೆನೆಯುವ ದಿನ ಅಲ್ಲವೇ. ಬೆಳಿಗ್ಗೆ ಎದ್ದು ನೋಡಿದರೆ ಅಡುಗೆಮನೆಯಲ್ಲಿ ಹಿಟ್ಟು ಹುರಿಯುವ ವಾಸನೆ. ಕೇಸರಿ, ಗುಲಾಬಿ ನೀರು ಹಾಕಿ ಹಲ್ವಾ ಮಾಡಿ, ತಾನೇ ಮನೆಮನೆಗೆ ಹೋಗಿ, “ನನ್ನ ಹೂಮನ್‌ಗೆ ಒಂದು ಫಾತಿಹಾ ಓದಿ,” ಅಂತ ಹಂಚಿ ಬಂದಳು. ಬಂದವಳೇ ನನ್ನ ತೊಡೆಯ ಮೇಲೆ ಬಿದ್ದು ಅತ್ತಳು. ಎರಡು ವರ್ಷದ ಅಳು, ಅಕ್ಕ. ನಾನೂ ಅತ್ತೆ. ಆಮೇಲೆ ಹೊಟ್ಟೆ ತುಂಬಾ ಊಟ ಮಾಡಿದಳು. ಇನ್ನು ಅಮ್ಮನ ಚಿಂತೆ ಬಿಡು. ಭಾವ ಗೊತ್ತುಮಾಡಿದ ಗಿರಾಕಿ ಶನಿವಾರ ಬಂದು ಕಾರು ಒಯ್ಯಲಿ. ಅದು ಬರೀ ಹರಿದ ರಬ್ಬರ್ ಆಗಿತ್ತು, ಬೇರೇನೂ ಅಲ್ಲ.

ಮಕ್ಕಳಿಗೆ ಚಿಕ್ಕಮ್ಮನ ಮುತ್ತು.

ನಿನ್ನ ತಂಗಿ,
ಫರಂಗೀಸ್

ಮರೆತಿದ್ದು: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಮಧ್ಯಾಹ್ನ ಊಟವಾದ ಮೇಲೆ, ಹೊಸ ಮನೆಗೆ ಹೋಗುವ ಕಾರಲ್ಲವೇ ಅಂತ ಅಮ್ಮ ಉಳಿದ ಕೆಂಡಕ್ಕೆ ಇಸ್ಪಂದ್ ಹಾಕಿ ಕಾರಿನೊಳಗೆ ಆಡಿಸಿದಳು. ಕೆಂಡದ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ತಿರುಗಿಯೂ ನೋಡದೆ ಮಲಗಲು ಹೋದಳು. ನಾನು ನೋಡಿದೆ. ಹೊಗೆ ಡ್ರೈವರ್ ಸೀಟಿನ ಮುಂದೆ ಬಾಗಿತು, ಮೊಣಕಾಲಿನ ಎತ್ತರದಲ್ಲಿ ಹೊರಳಿತು, ಬಿಟ್ಟು ಬಿಟ್ಟು ಒಳಗೆ ಹೋಯಿತು. ಬೂಸ್ಟರ್ ಗಟ್ಟಿಯಾಗಿದೆ, ಎರಡೆರಡು ಸಲ ನೋಡಿದೆ. ಆದರೆ ಅಕ್ಕ, ಎಂಜಿನ್ ಆಫ್ ಇತ್ತು. ಬೆಳಿಗ್ಗೆಯಿಂದ ಸ್ಟಾರ್ಟೇ ಮಾಡಿಲ್ಲ. ಎರಡೂ ಕೀಲಿ ನನ್ನ ಜೇಬಿನಲ್ಲಿವೆ. ಈ ಕಾಗದವನ್ನು ಪಕ್ಕದ ಸೀಟಿನಲ್ಲಿ ಕೂತೇ ಬರೆಯುತ್ತಿದ್ದೇನೆ. ಹೆದರಬೇಡ, ಶಟರ್ ತೆರೆದಿದೆ. ಶನಿವಾರದ ಗಿರಾಕಿಗೆ ಬರುವುದು ಬೇಡ ಅಂತ ಭಾವನ ಕೈಲಿ ಹೇಳಿಸಿಬಿಡು. ಅಮ್ಮನಿಗೆ ಮಾತ್ರ ಹೇಳಬೇಡ.