ತಾತನಿಗೆ ಟೀಚರ್ ಹೇಳಿ ಕಳಿಸಿದ್ದು

ಅಪ್ಪಾ,

ನೀವು ಮೊಮ್ಮಗಳಿಗೆ ಜಿಗಿಯುವುದನ್ನು ಕಲಿಸಿರಲಿಲ್ಲ, ಎತ್ತಿಸಿಕೊಳ್ಳುವುದನ್ನು ಕಲಿಸಿದ್ದಿರಿ. ಇದನ್ನು ಕಂಡುಹಿಡಿದವರು ಶಿಶುವಿಹಾರದ ಟೀಚರ್. ಉಳಿದ ಮಕ್ಕಳೆಲ್ಲ ಚಾಪೆಯ ಮೇಲೆ ಕಪ್ಪೆಮರಿಗಳಂತೆ ಕುಪ್ಪಳಿಸುವಾಗ ನಮ್ಮವಳು ಎರಡೂ ಕೈ ಮೇಲೆತ್ತಿಕೊಂಡು ಸುಮ್ಮನೆ ನಿಲ್ಲುತ್ತಾಳಂತೆ.

"ಮನೇಲಿ ಯಾರಾದ್ರೂ ಕೈ ಹಿಡಿದು ಮೆಟ್ಟಿಲಿಂದ ಎತ್ತಿ ಇಳಿಸ್ತಾರಾ?" ಎಂದು ಕೇಳಿದರು.

"ಅವರ ತಾತ," ಎಂದೆ.

"ಹಾಗಾದ್ರೆ ತಾತನಿಗೆ ಹೇಳಿ, ಇನ್ಮೇಲೆ ಎತ್ತಬಾರದು ಅಂತ."

ನೀವು ತೀರಿಕೊಂಡದ್ದು ಅವರಿಗೆ ಗೊತ್ತಿರಲಿಲ್ಲ. ನಾನೂ "ಹೇಳ್ತೀನಿ" ಎಂದು ಬಂದುಬಿಟ್ಟೆ. ಈಗ ಹೇಳಿದ್ದೇನೆ.

ಇವತ್ತು ಸಂಜೆ ಅವಳನ್ನು ಕೊನೆಯ ಮೆಟ್ಟಿಲ ಮೇಲೆ ನಿಲ್ಲಿಸಿ, ಕೆಳಗೆ ಹಾಸಿಗೆ ಹಾಕಿದೆ. ಕೈ ಮೇಲೇಳದಿರಲಿ ಎಂದು, ಟೀಚರ್ ಹೇಳಿಕೊಟ್ಟಂತೆ, ದೊಡ್ಡ ಚೆಂಡೊಂದನ್ನು ತಬ್ಬಿಕೊಳ್ಳಲು ಕೊಟ್ಟೆ.

"ಮಂಡಿ ಬಗ್ಗಿಸು, ಆಮೇಲೆ ಜಿಗಿ."

"ನೀನು ಎತ್ತು."

"ನಂಗೆ ಬರಲ್ಲ ಕಣೇ."

"ತಾತಂಗೆ ಬರ್ತಿತ್ತು."

"ಹೂಂ, ಬರ್ತಿತ್ತು."

ನನ್ನನ್ನು ಕೈಲಾಗದವಳಂತೆ ನೋಡಿದಳು. ಮಂಡಿ ಬಗ್ಗಿಸಿದಳು, ನೆಟ್ಟಗಾದಳು, ಮತ್ತೆ ಬಗ್ಗಿಸಿದಳು. ಕೊನೆಗೆ ನಾಲಿಗೆ ಕಚ್ಚಿಕೊಂಡು ಜಿಗಿದೇಬಿಟ್ಟಳು. ಎರಡೂ ಪಾದ ಒಟ್ಟಿಗೇ ನೆಲ ಬಿಟ್ಟವು, ಅಪ್ಪಾ; ನಾನು ಬಗ್ಗಿ ನೋಡುತ್ತಿದ್ದೆ. ಇಳಿದದ್ದು ಮಾತ್ರ ಕುಂಡೆಯ ಮೇಲೆ. ಚೆಂಡು ಅಡುಗೆಮನೆಗೆ ಉರುಳಿಹೋಯಿತು. ಅವಳ ನಗುವಿಗೆ ಪಕ್ಕದ ಮನೆಯ ಅಜ್ಜಿ ಕಿಟಕಿಯಲ್ಲಿ ಇಣುಕಿದರು.

ಆಮೇಲೆ ನನ್ನ ಸರದಿ. ನನ್ನನ್ನು ಮೆಟ್ಟಿಲು ಹತ್ತಿಸಿ, ತಾನು ಹಾಸಿಗೆಯ ಮೇಲೆ ನಿಂತು, ನನ್ನ ಎರಡೂ ಕೈ ಹಿಡಿದುಕೊಂಡಳು. "ಹೆದರ್ಕೋಬೇಡ, ನಾನು ಎತ್ತುತ್ತೀನಿ," ಎಂದಳು.

ಎತ್ತಬಾರದೆಂದು ಅವಳಿಗೆ ಹೇಳಲಿಲ್ಲ. ಕೈ ಕೊಟ್ಟು ಜಿಗಿದೆ.