ಓಬುಲಮ್ಮನಿಗೆ ಬಿದ್ದ ಏಟು

ಬಸ್ತಿಹಳ್ಳಿ
೧೯ ನವೆಂಬರ್ ೨೦೨೪

ನನ್ನ ಮುದ್ದಿನ ಸೊಸೆ ಇಂದುವಿಗೆ,

ನೀನೂ ಕೂಸೂ ಗೆಂಡೆಹಳ್ಳಿಯಲ್ಲಿ ಬೆಚ್ಚಗೆ ಇದ್ದೀರೆಂದು ನಂಬಿದ್ದೇನೆ. ಹೆಣ್ಣುಮಗು ಹುಟ್ಟಿದ ಸುದ್ದಿ ನನಗೆ ಆಸ್ಪತ್ರೆಯ ಹಾಸಿಗೆಯಲ್ಲಿ ಸಿಕ್ಕಿತು. ಮಲಗಿದ್ದಲ್ಲೇ ದೇವರಿಗೆ ಸ್ತೋತ್ರ ಹೇಳಿದೆ. ಅಜ್ಜಿಯೂ ಬರಲಿಲ್ಲ, ಅಪ್ಪನೂ ಬರಲಿಲ್ಲ ಎಂದು ನಿನ್ನ ಅಮ್ಮ ನೊಂದುಕೊಂಡಿದ್ದಾರಂತೆ. ನೋಯುವುದು ನ್ಯಾಯವೇ. ನೀನು ಅಷ್ಟು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ಎತ್ತಿದ್ದರೆ ಅತ್ತುಬಿಡುತ್ತಿದ್ದೆ ಕಣವ್ವ. ಹಸಿ ಬಾಣಂತಿಯ ಕಿವಿಗೆ ಅಳು ಬೀಳಬಾರದು. ಎಡಗೈ ಮುರಿದಿದೆ, ಬಲಗೈ ಚೆನ್ನಾಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದು.

ಇಲ್ಲಿಯ ಗಲಾಟೆ ಅಷ್ಟಿಷ್ಟು ನಿಮ್ಮೂರಿಗೂ ಮುಟ್ಟಿರಬಹುದು. ಆದದ್ದು ಇದು.

ಹೋದ ತಿಂಗಳ ಕೊನೆಯ ಭಾನುವಾರ ಬೇಲೂರಿನ ಚರ್ಚಿನಲ್ಲಿ ಆರಾಧನೆ ಮುಗಿಸಿ, ಹಳೇಬೀಡಿನಲ್ಲಿ ಬಸ್ಸಿಳಿದು ಮನೆಗೆ ನಡೆದು ಬರುತ್ತಿದ್ದೆ. ಹಿಟ್ಟಿನ ಮಿಲ್ಲಿನ ಮುಂದೆ ಜನ ಗುಂಪುಗೂಡಿದ್ದರು. ನಡುವೆ ನನ್ನಷ್ಟೇ ವಯಸ್ಸಿನ ಒಬ್ಬ ಹೆಂಗಸು. ಅವಳದೇ ಸೆರಗಿನಿಂದ ಅವಳನ್ನು ಲೈಟುಕಂಬಕ್ಕೆ ಬಿಗಿದಿದ್ದರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವಿಡಿಯೊ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತಲ್ಲ, ಆ ಭಯ ಊರಿನ ತಲೆಗೆ ಏರಿತ್ತು.

"ಅನುಸೂಯಮ್ಮನ ಮೊಮ್ಮಗಳ ಕಾಲು ಹಿಡ್ಕಂಡು ಎಳೀತಿದ್ಲು, ಕಣ್ಣಾರೆ ಕಂಡೀವ್ನಿ! ಬುಡ್ಬ್ಯಾಡ್ರಿ!" ಎಂದು ಮಿಲ್ಲಿನ ಇಂದ್ರೇಶ ಕೂಗುತ್ತಿದ್ದ.

ಅವಳು ಏನೋ ಹೇಳುತ್ತಿದ್ದಳು, ತೆಲುಗಿನ ಹಾಗಿತ್ತು. ಇಂದ್ರೇಶ ಹೆಲ್ಮೆಟ್ಟಿನಿಂದ ಅವಳ ಬಾಯಿಗೆ ಬಾರಿಸಿದ. ರಕ್ತದ ಜೊತೆ ಹಲ್ಲು ಎದೆಯ ಮೇಲೆ ಬಿತ್ತು. ಇನ್ನೊಬ್ಬ ಬೈಕಿನ ಚೈನು ಬೀಸಿದ. ಅದು ಕೆನ್ನೆಯನ್ನು ಸೀಳಿ ಕಣ್ಣಿಗೆ ಹೊಕ್ಕಿತು. ಅವಳ ಕಿರುಚಾಟ ಕೇಳಿ ಜನ ಇನ್ನಷ್ಟು ಹುಚ್ಚೆದ್ದರು. ಹೊಡೆಯಲು ಜಾಗ ಸಿಗದವರು ಮೊಬೈಲು ಎತ್ತಿ ಹಿಡಿದಿದ್ದರು.

ಇಂದು, ನನ್ನನ್ನು ದೊಡ್ಡ ಭಕ್ತೆ ಎಂದುಕೊಳ್ಳಬೇಡ. ಆ ಗಳಿಗೆಯಲ್ಲಿ ಬೈಬಲಿನ ಒಂದು ವಾಕ್ಯವೂ ನೆನಪಿಗೆ ಬರಲಿಲ್ಲ. ಉಚ್ಚೆ ಹೋಗಿ ಅವಳ ಸೀರೆ ಒದ್ದೆಯಾಗಿ, ಪಾದದವರೆಗೆ ಇಳಿಯುತ್ತಿತ್ತು, ಅಷ್ಟು ಗಂಡಸರ ಎದುರಿಗೆ. ಅದನ್ನು ಮುಚ್ಚಬೇಕು ಅನ್ನಿಸಿತು, ಅಷ್ಟೇ. ನುಗ್ಗಿ ಹೋಗಿ ಅವಳನ್ನು ಅಪ್ಪಿಕೊಂಡು ನನ್ನ ಸೆರಗು ಹೊದಿಸಿದೆ.

"ಎಸ್ತೇರಮ್ಮ, ಅತ್ಲಾಗ್ ಸರ್ಕೊಳಿ, ನಿಮ್ಗೂ ಬೀಳ್ತವೆ!" ಎಂದ ಇಂದ್ರೇಶ.

"ಬೀಳ್ಲಿ ಕಣಪ್ಪ. ಪೊಲೀಸ್ರು ಬರೋಗಂಟ ನಾನ್ ಸರಿಯಾಕಿಲ್ಲ," ಎಂದೆ.

"ಈ ಕಿರಸ್ತಾನದೋಳೇ ಕಳ್ಳೀನ ಕರೆಸ್ಕಂಡವ್ಳೆ ಕಣ್ರೋ!" ಎಂದು ಹಿಂದಿನಿಂದ ಯಾರೋ ಕೂಗಿದರು. ಆಮೇಲೆ ತಡೆಯೇ ಇರಲಿಲ್ಲ. ಬೆನ್ನಿಗೆ ಒದೆ, ತಲೆಗೆ ಕಲ್ಲು. ನನ್ನ ಮುಖ ಅವಳ ಕತ್ತಿನಲ್ಲಿ ಹುದುಗಿತ್ತು, ಅವಳ ರಕ್ತ ನನ್ನ ಬಾಯಿಗೆ ಬರುತ್ತಿತ್ತು. ಕೈ ಮೇಲೆ ದೊಣ್ಣೆ ಬಿದ್ದಾಗ ಮೂಳೆ ಲಟಕ್ಕೆಂದದ್ದು ಮೊದಲು ಕೇಳಿಸಿತು, ನೋವು ಆಮೇಲೆ ಬಂತು. ಕೊನೆಗೆ ಅನುಸೂಯಮ್ಮನೇ ಮೊಮ್ಮಗಳನ್ನು ಸೊಂಟದ ಮೇಲೆ ಹೊತ್ತು ಓಡಿ ಬಂದರು. "ಮಗು ಇಲ್ಲೈತೆ ಕಣ್ರೋ! ಏನೂ ಆಗಿಲ್ಲ, ನಿಲ್ಸ್ರೋ ಪಾಪಿಗಳ!" ಎಂದು ಎದೆ ಬಡಿದುಕೊಂಡರು. ಜನ ಒಬ್ಬೊಬ್ಬರೇ ಜಾರಿಕೊಂಡರು.

ಹಾಸನದ ಆಸ್ಪತ್ರೆಯಲ್ಲಿ ನಮಗೆ ಅಕ್ಕಪಕ್ಕದ ಹಾಸಿಗೆ. ತೆಲುಗು ಬಲ್ಲ ಒಬ್ಬಳು ನರ್ಸ್ ಇದ್ದಳು, ಅವಳಿಂದ ಎಲ್ಲ ತಿಳಿಯಿತು. ಹೆಸರು ಓಬುಲಮ್ಮ, ಅನಂತಪುರದ ಕಡೆಯವಳು. ಶುಂಠಿ ಕೀಳುವ ಕೂಲಿಗೆ ಈ ಸೀಮೆಗೆ ಬಂದ ಮಗನನ್ನು ಹುಡುಕಿಕೊಂಡು ಅರಸೀಕೆರೆಯಲ್ಲಿ ರೈಲಿಳಿದಿದ್ದಳು. ಮಗುವಿನ ಚಪ್ಪಲಿ ಅದಲುಬದಲಾಗಿತ್ತಂತೆ. ಎಡವಿ ಬಿದ್ದೀತೆಂದು ಸರಿಮಾಡಲು ಕಾಲು ಹಿಡಿದಳಂತೆ.

ಅಷ್ಟೇ ಕಣೇ. ಅಷ್ಟಕ್ಕೇ.

ನಾನು ಚಮಚದಲ್ಲಿ ನೀರು ಹಾಕಿದರೆ ಉಳಿದ ಒಂದು ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದಳು. ಬೇರೆ ಯಾರು ಹತ್ತಿರ ಬಂದರೂ ಮುಖಕ್ಕೆ ಕೈ ಅಡ್ಡ ಹಿಡಿಯುತ್ತಿದ್ದಳು. ವಾರ ತುಂಬುವ ಮೊದಲೇ ಹೋಗಿಬಿಟ್ಟಳು. ಪೊಲೀಸರು ಹುಡುಕಿಸಿ ಕರೆತಂದ ಅವಳ ಮಗ ಹೆಣ ತೆಗೆದುಕೊಂಡು ಹೋಗುವ ಮುಂಚೆ ನನ್ನ ಕಾಲಿಗೆ ಹಣೆ ಹಚ್ಚಿದ. "ನನ್ನ ತಾಯಿಗೆ ನೀವು ತಾಯಿಯಾದಿರಿ ಅಂತಾನೆ," ಎಂದಳು ನರ್ಸ್. ಅವನ ಮುಖ ನೋಡಲಾರದೆ ನಾನು ಗೋಡೆಯ ಕಡೆಗೆ ತಿರುಗಿಕೊಂಡೆ.

ಊರಲ್ಲಿ ಕೆಲವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಅನುಸೂಯಮ್ಮ ಮಾತ್ರ ದಿನವೂ ಮುದ್ದೆ, ಸೊಪ್ಪಿನ ಸಾರು ತಂದು, ನಾನು ಉಂಡು ಮುಗಿಸುವ ತನಕ ಕೂತಿರುತ್ತಾರೆ.

ಮಗುವಿಗೆ ಗಾಳಿ ತಾಗದಂತೆ ನೋಡಿಕೋ. ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಕರ್ತನು ನಿಮ್ಮಿಬ್ಬರನ್ನೂ ತನ್ನ ಕೈಯಲ್ಲಿ ಇಟ್ಟು ಕಾಯಲಿ.

ನಿನ್ನ ಅತ್ತೆ,
ಎಸ್ತೇರಮ್ಮ

ಮತ್ತೆ: ಮರೆತದ್ದಲ್ಲ, ಮೇಲೆ ಬರೆಯಲು ಕೈ ಏಳಲಿಲ್ಲ. ಆ ಚೈನು ಬೀಸಿದವನು ನಮ್ಮ ಸುನಿಲ, ನಿನ್ನ ಗಂಡ. ನಾನು ಅವಳನ್ನು ಅಪ್ಪಿಕೊಂಡಾಗ ನಮ್ಮಿಬ್ಬರ ಕಣ್ಣು ಕೂಡಿದವು. "ಅಮ್ಮ" ಎಂದ. ಎಂದವನು ನನ್ನನ್ನು ಆ ಜನರ ಕೈಗೆ ಬಿಟ್ಟು ಓಡಿಹೋದ. ಮನೆಗೆ ಬಂದಿಲ್ಲ. ಒಮ್ಮೆ ಯಾರದೋ ಫೋನಿನಿಂದ ಮಾತಾಡಿದ. "ನಂಗೂ ಮಗು ಆಗೋದಿತ್ತಲ್ಲಮ್ಮ, ಅದೇ ತಲೇಲಿತ್ತು," ಎಂದು ಅತ್ತ. ಅವಳು ಸತ್ತಳು ಕಣೋ ಎಂದೆ. ಫೋನ್ ಇಟ್ಟುಬಿಟ್ಟ. ನಿನ್ನೆ ಠಾಣೆಗೆ ಹೋಗಿ ಅವನ ಹೆಸರನ್ನೂ ಹೇಳಿ ಬಂದೆ. ನನ್ನ ಮೇಲೆ ಸಿಟ್ಟು ಮಾಡಿಕೋ, ಶಾಪ ಬೇಕಾದರೂ ಹಾಕು. ಆದರೆ ಅವನು ಮಗಳನ್ನು ನೋಡಲು ಅಲ್ಲಿಗೆ ಬಂದೇ ಬರುತ್ತಾನೆ. ಬಾಗಿಲು ಹಾಕಬೇಡ. ನಿಮ್ಮವರು ಯಾರೂ ಅವನ ಮೇಲೆ ಕೈ ಮಾಡದಂತೆ ತಡಿ. ಮೊದಲು ಹೊಟ್ಟೆ ತುಂಬ ಬಡಿಸು, ಮಗುವನ್ನು ಅವನ ಮಡಿಲಿಗೆ ಹಾಕು. ಆಮೇಲೆ ನನಗೆ ಹೇಳಿಕಳಿಸು. ನಾನೇ ಬಂದು ಅವನ ಕೈ ಹಿಡಿದುಕೊಂಡು ಠಾಣೆಗೆ ಕರೆದೊಯ್ಯುತ್ತೇನೆ.